ಹಂಚು ಇಳಿಸುವ ಮೊದಲು ಒಂದು ಅಗಲದ ಚಿತ್ರ



ನಮ್ಮ ಕಾಸರಗೋಡಿನ ಕಡೆ ಪಾಲಾದ ಮೇಲೆ ಹಳೆಯ ಮನೆಗಳನ್ನು ಬಿಚ್ಚಿಸುವುದು ಹೊಸ ಸಂಗತಿಯಲ್ಲ. ಹಂಚು ಇಳಿಸುವ ಮೊದಲು ಚಾವಡಿ, ಅಂಗಳ, ತುಳಸಿಕಟ್ಟೆ, ಬಾವಿ, ಆಚೆಯ ಅಡಿಕೆ ತೋಟ ಎಲ್ಲವೂ ಒಂದೇ ಚಿತ್ರದಲ್ಲಿ ಬರಬೇಕೆಂದು ಮನೆಯವರಿಗೆ ಆಸೆ. ಒಂದೇ ಸಲಕ್ಕೆ ಕ್ಯಾಮೆರಾ ಅಷ್ಟು ಅಗಲ ಹಿಡಿಯದು. ಬಿಡಿಬಿಡಿಯಾಗಿ ತೆಗೆದು ಜೋಡಿಸಬೇಕು. ಇದನ್ನೇ ಪನೋರಮಾ ಎನ್ನುವುದು. ಜೋಡಣೆ ಕೆಟ್ಟಿತು, ಇನ್ನೊಮ್ಮೆ ತೆಗೆಯೋಣ ಎಂದರೆ ಅಷ್ಟರಲ್ಲಿ ಮನೆಯೇ ಇರುವುದಿಲ್ಲ.

ಉಪಾಯವೇನೋ ಹಳೆಯದು. 1848ರಲ್ಲಿ ಅಮೆರಿಕದ ಸಿನ್ಸಿನಾಟಿ ನಗರದ ನದೀತೀರವನ್ನು ಎಂಟು ಫಲಕಗಳಲ್ಲಿ ತೆಗೆದು ಸಾಲಾಗಿ ಇಟ್ಟರು. 1858ರಲ್ಲಿ ಫೆಲಿಸ್ ಬಿಯಾಟೊ ಎಂಬಾತ ಲಖನೌವನ್ನು ಹೀಗೆಯೇ ತೆಗೆದ. ಈಗ ಜೋಡಿಸುವ ಕೆಲಸ ಕಂಪ್ಯೂಟರಿನದು. ಆದರೆ ತೆಗೆಯುವಾಗ ಕೆಟ್ಟದ್ದನ್ನು ಅದು ಪೂರ್ತಿ ಸರಿಪಡಿಸಲಾರದು.

ಕೆಡುವುದು ಹೆಚ್ಚಾಗಿ ಒಂದೇ ಕಾರಣದಿಂದ. ಒಂದು ಕಣ್ಣು ಮುಚ್ಚಿ, ಕೈ ಚಾಚಿ, ಹೆಬ್ಬೆರಳನ್ನು ದೂರದ ತೆಂಗಿನಮರಕ್ಕೆ ಸರಿಯಾಗಿ ಹಿಡಿಯಿರಿ. ಕೈ ಅಲುಗಿಸದೆ ಕತ್ತನ್ನು ಮಾತ್ರ ಎಡಕ್ಕೆ ಬಲಕ್ಕೆ ತಿರುಗಿಸಿ. ಬೆರಳು ಮರದಿಂದ ಅತ್ತಿತ್ತ ಸರಿಯುತ್ತದೆ. ಕತ್ತು ತಿರುಗಿದಾಗ ಕಣ್ಣೂ ಜಾಗ ಬದಲಿಸಿತು, ಅದಕ್ಕೆ. ಕ್ಯಾಮೆರಾ ಹಿಡಿದು ನಾವು ನಿಂತಲ್ಲೇ ತಿರುಗಿದರೆ ಆಗುವುದೂ ಇದೇ. ಒಂದು ಚಿತ್ರದಲ್ಲಿ ಜಗಲಿಯ ಕಂಬದ ಎಡಕ್ಕೆ ಕಂಡ ಮರ ಮುಂದಿನದರಲ್ಲಿ ಕಂಬದ ಹಿಂದೆ ಅಡಗುತ್ತದೆ. ಕಂಪ್ಯೂಟರು ಯಾವುದನ್ನು ನಂಬಬೇಕು? ಕಂಬ ಎರಡಾಗುತ್ತದೆ, ಇಲ್ಲವೇ ಮುರಿದು ಕಾಣುತ್ತದೆ. ಬೇಕಲ ಕೋಟೆಯ ಮೇಲೆ ನಿಂತು ಬರೀ ಸಮುದ್ರ ತೆಗೆಯುವವರಿಗೆ ಈ ತೊಂದರೆ ಇಲ್ಲ, ಅಲ್ಲಿ ಎಲ್ಲವೂ ದೂರ. ಅಂಗಳದಲ್ಲಿ ಮಾತ್ರ ತಪ್ಪದು.

ಪರಿಹಾರವೆಂದರೆ ನಮ್ಮ ಮೈಯ ಸುತ್ತ ಕ್ಯಾಮೆರಾ ತಿರುಗಬಾರದು, ಲೆನ್ಸಿನ ಸುತ್ತ ನಾವು ತಿರುಗಬೇಕು. ಇದಕ್ಕೆ ಬೆಲೆಬಾಳುವ ಸಲಕರಣೆ ಸಿಗುತ್ತದೆ, ದಾರವೂ ಸಾಕು. ಗಾರೆಯವರು ಗೋಡೆಯ ನೇರ ನೋಡಲು ಗುಂಡು ಇಳಿಬಿಡುವಂತೆ, ಲೆನ್ಸಿನ ಮುಂಭಾಗಕ್ಕೆ ದಾರ ಸುತ್ತಿ ಅದರ ತುದಿಗೆ ಸಣ್ಣ ಕಲ್ಲು ಕಟ್ಟಿ. ನೆಲದಲ್ಲಿ ಸುಣ್ಣದ ಚುಕ್ಕಿ ಇಡಿ. ಪ್ರತಿ ಸಲವೂ ಕಲ್ಲು ಚುಕ್ಕಿಯ ಮೇಲೇ ಇರಲಿ, ಕಾಲು ಸುತ್ತ ಸರಿಯಲಿ.

ಇನ್ನು ಲೆಕ್ಕ. ಬ್ಯಾಂಕಿನ ಲೆಡ್ಜರಿನಲ್ಲಿ ಒಂದು ಪುಟ ಮುಗಿದಾಗ ಅದರ ಬಾಕಿಯನ್ನು ಮುಂದಿನ ಪುಟದ ತಲೆಗೆ ಒಯ್ಯುತ್ತಿದ್ದೆವು. ಹಾಗೆಯೇ ಪ್ರತಿ ಚಿತ್ರದ ಮೂರರಲ್ಲೊಂದು ಭಾಗ ಮುಂದಿನದರಲ್ಲಿಯೂ ಬರಬೇಕು. ಫುಲ್ ಫ್ರೇಮ್ ಕ್ಯಾಮೆರಾಕ್ಕೆ 50 ಮಿ.ಮೀ. ಲೆನ್ಸ್ ಹಾಕಿ ಉದ್ದಕ್ಕೆ ನಿಲ್ಲಿಸಿದರೆ ಅಡ್ಡಕ್ಕೆ ಹಿಡಿಯುವುದು ಸುಮಾರು 27 ಡಿಗ್ರಿ. ಒಂಬತ್ತು ಹೋದರೆ ಹೆಜ್ಜೆಗೆ 18. ಅರ್ಧ ಸುತ್ತಿಗೆ ಹತ್ತು ಚಿತ್ರ. ಉದ್ದಕ್ಕೆ ಹಿಡಿಯುವುದು ಏಕೆಂದರೆ, ಜೋಡಿಸಿದ ಮೇಲೆ ಅಂಚು ಸಮ ಮಾಡುವಾಗ ಮೇಲೆ ಕೆಳಗೆ ಕತ್ತರಿಸಿ ಹೋಗುತ್ತದೆ.

ಬೆಳಕು, ಫೋಕಸ್, ವೈಟ್ ಬ್ಯಾಲೆನ್ಸ್ ಮೂರನ್ನೂ ಮೊದಲೇ ಮ್ಯಾನ್ಯುಯಲ್‌ಗೆ ಇಟ್ಟುಬಿಡಿ. ಆಟೋದಲ್ಲಿ ಬಿಟ್ಟರೆ ನೆರಳಿನ ಚಾವಡಿಗೊಂದು ಲೆಕ್ಕ, ಬಿಸಿಲಿನ ಅಂಗಳಕ್ಕೊಂದು ಲೆಕ್ಕ ಹಾಕಿ ಆಕಾಶ ಪಟ್ಟೆಪಟ್ಟೆಯಾಗುತ್ತದೆ. ಪೋಲರೈಸರ್ ಬೇಡ, ಫ್ಲ್ಯಾಶೂ ಬೇಡ. ಜನ ನಿಲ್ಲುವುದಾದರೆ ಇಬ್ಬರ ನಡುವೆ ಎಡೆ ಇರಲಿ. ಎರಡು ಚಿತ್ರ ಸೇರುವಲ್ಲಿ ಮಗು ಕದಲಿದರೆ ಅರ್ಧ ಮಗುವಷ್ಟೇ ಉಳಿದೀತು!

ಜೋಡಿಸಲು ಹ್ಯೂಗಿನ್ ಎಂಬ ಪ್ರೋಗ್ರಾಂ ಪುಕ್ಕಟೆ ಸಿಗುತ್ತದೆ. ಅದರಲ್ಲಿ ಸಿಲಿಂಡ್ರಿಕಲ್ ಎಂಬ ವಿಧಾನ ಆರಿಸಿದರೆ ಅಗಲ ಎಷ್ಟೂ ಬರುತ್ತದೆ, ಆದರೆ ಮಾಡಿನ ನೇರ ಸಾಲು ಬಿಲ್ಲಿನಂತೆ ಬಾಗುತ್ತದೆ. ಮನೆಯ ಎದುರುಭಾಗ ಮಾತ್ರ ಸಾಕೆನ್ನುವವರು ರೆಕ್ಟಿಲೀನಿಯರ್ ಆರಿಸಲಿ: ಗೆರೆ ನೇರ ಉಳಿಯುತ್ತದೆ, ಆದರೆ ನೂರು ಡಿಗ್ರಿ ದಾಟಿದರೆ ಅಂಚಿನ ಕಿಟಕಿಗಳು ಎಳೆದಂತಾಗುತ್ತವೆ. ನನ್ನನ್ನು ಕೇಳಿದರೆ ಎರಡನ್ನೂ ಮಾಡಿಸಿ. ಮೊಬೈಲು ಒಂದೇ ಬೀಸಿಗೆ ಜೋಡಿಸಿ ಕೊಡುತ್ತದೆ ನಿಜ, ಆದರೆ ಬಿಡಿಚಿತ್ರಗಳು ಕೈಗೆ ಸಿಗುವುದಿಲ್ಲ. ಆ ಹತ್ತು ಬಿಡಿಚಿತ್ರಗಳನ್ನು ಅಳಿಸದೆ ಎರಡು ಕಡೆ ಇಡಿ. ಇವತ್ತು ಕೂಡದ ಕಂಬ ನಾಳೆಯ ಪ್ರೋಗ್ರಾಮಿನಲ್ಲಿ ಕೂಡಲೂಬಹುದು.