ಹನಿ ನೀರಾವರಿಯ ಕರಿಯ ಕೊಳವೆಯು ಸೀಳುವುದೇಕೆ?

ಆಲೆಮನೆಯನ್ನು ಕಂಡವರಿಗೆ ಹರಳುಗಟ್ಟುವುದೆಂದರೇನೆಂಬುದನ್ನು ವಿವರಿಸಬೇಕಾದುದಿಲ್ಲ. ಕೊಪ್ಪರಿಗೆಯ ಪಾಕವು ಅಚ್ಚಿನಲ್ಲಿ ಆರುತ್ತ ಬಂದಂತೆ ಸಕ್ಕರೆಯ ಕಣಗಳು ಸಾಲುಗೂಡಿ ಹರಳಾಗುವುವು. ಕೆಟ್ಟ ರಸದ ಬೆಲ್ಲವಾದರೋ ಅಂಟಂಟಾಗಿಯೇ ಉಳಿಯುವುದು. ತೋಟದಲ್ಲಿ ಹಾಸುವ ಕರಿಯ ಪಾಲಿಥೀನ್ ಕೊಳವೆಯೂ ಹೀಗೆಯೇ ಪಾಕವು ಆರಿ ಗಟ್ಟಿಯಾದ ಪದಾರ್ಥವು. ಅದು ಎರಡು ಬೇಸಗೆ ಕಳೆಯುವುದರೊಳಗೆ ಉದ್ದಕ್ಕೆ ಸೀಳಿದಲ್ಲಿ ಬಿಸಿಲನ್ನೋ ಇಲಿಯನ್ನೋ ದೂರುವುದು ವಾಡಿಕೆಯಾಗಿದೆ. ಆದರೆ ಅನೇಕ ವೇಳೆ ದೋಷವು ಕೊಳವೆಯನ್ನು ಎರೆದ ದಿನವೇ ಅದರೊಳಗೆ ಸೇರಿರುತ್ತದೆ.

ಪಾಲಿಥೀನಿನ ಒಂದೊಂದು ಅಣುವೂ ಬಹು ನೀಳವಾದ ಎಳೆ. ಕರಗಿರುವಾಗ ಈ ಎಳೆಗಳು ಸಿಕ್ಕುಗೊಂಡ ನೂಲಿನಂತಿದ್ದು, ಆರುವಾಗ ಹಿಂದಕ್ಕೂ ಮುಂದಕ್ಕೂ ಮಡಿಚಿಕೊಂಡು ತೆಳ್ಳನೆಯ ಹಾಳೆಯಂಥ ಹರಳುಗಳಾಗುವುವು. ಒಂದು ಹಾಳೆಯ ದಪ್ಪವು ಮಿಲಿಮೀಟರಿನ ಲಕ್ಷದಲ್ಲೊಂದು ಪಾಲಿನಷ್ಟು. ಈ ಮಡಿಕೆಯನ್ನು 1957ರಲ್ಲಿ ಬ್ರಿಸ್ಟಲ್ ವಿಶ್ವವಿದ್ಯಾನಿಲಯದ ಆಂಡ್ರ್ಯೂ ಕೆಲ್ಲರ್ ಎಂಬ ಪಂಡಿತರು ತೋರಿಸಿಕೊಟ್ಟರು. ಹರಳಿನ ಭಾಗವು ಕೊಳವೆಗೆ ಬಿಗಿಯನ್ನು ಕೊಡುವುದು. ನಡುವೆ ಹರಳಾಗದೆ ಉಳಿದ ಭಾಗವು ಬಾಗುವ ಗುಣವನ್ನು ಕೊಡುವುದು. ಕೆಲವು ಎಳೆಗಳು ಮಾತ್ರ ಒಂದು ಹರಳಿನಿಂದ ಹೊರಟು ಮತ್ತೊಂದರೊಳಗೆ ಹೊಕ್ಕು, ಎರಡನ್ನೂ ಹುರಿಯಂತೆ ಕಟ್ಟಿ ಹಿಡಿದಿರುವುವು. ವರ್ಷಗಟ್ಟಲೆ ನೀರಿನ ಒತ್ತಡವನ್ನು ತಾಳಿ ಬಿರುಕು ಬಿಡದಿರುವುದು ಮುಖ್ಯವಾಗಿ ಈ ಕಟ್ಟುಹುರಿಗಳಿಂದಲೇ.

ಪಾಲಿಥೀನಿನಲ್ಲಿಯೂ ಜಾತಿಗಳುಂಟು. 1933ರಲ್ಲಿ ಇಂಗ್ಲೆಂಡಿನಲ್ಲಿ ಮೊದಲು ದೊರೆತ ಬಗೆಯ ಎಳೆಗಳಿಗೆ ಕವಲುಗಳು ಹೆಚ್ಚಾದುದರಿಂದ ಅದು ಕಡಿಮೆ ಹರಳುಗಟ್ಟಿ ಸುಮಾರು 110 ಡಿಗ್ರಿ ಸೆಂಟಿಗ್ರೇಡಿನಲ್ಲಿ ಕರಗುವುದು. 1953ರಲ್ಲಿ ಜರ್ಮನಿಯ ಕಾರ್ಲ್ ಜೀಗ್ಲರ್ ಕಂಡುಹಿಡಿದ ಮಾರ್ಗದಿಂದಾದ ಗಟ್ಟಿ ಬಗೆಯು 130 ಡಿಗ್ರಿಗೆ ಮೇಲ್ಪಟ್ಟು ಕರಗುವುದು. ಮೋಟು ಕವಲುಗಳ ಮೂರನೆಯ ಬಗೆಯೊಂದು ಇವೆರಡರ ನಡುವಣದು. ಮಡಿಗಳಿಗೆ ಹೊದಿಸುವ ಹಾಳೆಗೆ ಮೊದಲನೆಯದನ್ನೂ ಮೂರನೆಯದನ್ನೂ ಬೆರೆಸುವ ರೂಢಿಯಿದೆ. ನಿಧಾನವಾಗಿ ಆರಿಸಿದಲ್ಲಿ ಇವು ಬಹುಮಟ್ಟಿಗೆ ಬೇರೆ ಬೇರೆ ಹರಳು ಕಟ್ಟುವುವಾದರೂ ಒಂದೇ ಕುಲದವಾದುದರಿಂದ ಬೆಸುಗೆಯು ಬಿಡುವುದಿಲ್ಲ. ಇಂತಹ ಮಿಶ್ರಣವನ್ನು ಕಲಬೆರಕೆಯೆಂದು ಜರೆಯಲಾಗದು.

ತೊಂದರೆಯು ಬರುವುದು ಪಾಲಿಪ್ರೊಪಿಲೀನು ಸೇರಿದಾಗ. ಗೊಬ್ಬರದ ನೇಯ್ದ ಚೀಲಗಳು, ಸೀಸೆಯ ಮುಚ್ಚಳಗಳು ಅನೇಕವಾಗಿ ಇದರವೇ. ಗುಜರಿಯನ್ನು ವಿಂಗಡಿಸದೆ ಕರಗಿಸಿ ಎಳೆದ ಅಗ್ಗದ ಕೊಳವೆಯೊಳಗೆ ಇವು ಸುಲಭವಾಗಿ ನುಸುಳುವುವು. ಪಾಲಿಪ್ರೊಪಿಲೀನು 160 ಡಿಗ್ರಿಗೆ ಮೇಲೆ ಕರಗತಕ್ಕದ್ದು. ಕರಗಿದಾಗಲೂ ಪಾಲಿಥೀನಿನೊಡನೆ ಬೆರೆಯದೆ, ನೀರಿನಲ್ಲಿ ಎಣ್ಣೆಯಂತೆ ಹನಿಹನಿಯಾಗಿ ನಿಲ್ಲುವುದು. ಆರುವಾಗ ಈ ಹನಿಗಳು ಮೊದಲೇ ತಮ್ಮ ಹರಳುಗಳನ್ನು ಕಟ್ಟಿಕೊಳ್ಳುವುವು. ಎರಡರ ಗಡಿಯನ್ನು ದಾಟುವ ಕಟ್ಟುಹುರಿಗಳು ಬಹು ವಿರಳ; ಒತ್ತಡವು ಬಿದ್ದಾಗ ಬಿರುಕು ಅಲ್ಲಿಯೇ ಮೊದಲಾಗುವುದು. ಎರಡು ಕುಲದ ತುಂಡುಗಳನ್ನೂ ಒಂದೇ ಎಳೆಯಲ್ಲಿ ಪೋಣಿಸಿದ ಪದಾರ್ಥವನ್ನು ನೂರಕ್ಕೆ 1 ಪಾಲು ಸೇರಿಸಿದರೂ ಈ ಗಡಿಯು ಬಲಗೊಳ್ಳುವುದೆಂದು 2017ರಲ್ಲಿ ಅಮೆರಿಕದ ಕಾರ್ನೆಲ್ ಮತ್ತು ಮಿನ್ನೆಸೋಟ ವಿಶ್ವವಿದ್ಯಾನಿಲಯಗಳ ಸಂಶೋಧಕರು ತೋರಿಸಿದರು. ಗುಜರಿಯ ಕೊಳವೆಯಲ್ಲಿ ಅಂಥದನ್ನು ನಿರೀಕ್ಷಿಸುವುದು ವ್ಯರ್ಥ.

ಬಿಸಿಲಿನ ಪಾಲೂ ಇಲ್ಲದಿಲ್ಲ. ಅದು ಹರಳಲ್ಲದ ಭಾಗದ ಎಳೆಗಳನ್ನು ಕತ್ತರಿಸುವುದು. ತುಂಡಾದ ಎಳೆಗಳು ಹೊಸದಾಗಿ ಹರಳುಗಟ್ಟಿ, ಮೈ ಪೆಡಸಾಗಿ ಒಡೆಯುವುದು. ಇದನ್ನು ತಡೆಯುವುದಕ್ಕಾಗಿಯೇ ನೂರಕ್ಕೆ ಸುಮಾರು 2.5 ಪಾಲು ನಯವಾದ ಮಸಿಯನ್ನು ಸಮನಾಗಿ ಬೆರೆಸುವುದು. ಬರಿಯ ಕಪ್ಪು ಬಣ್ಣವನ್ನು ಕಂಡು ಮೋಸಹೋಗಬಾರದು.

ನೀರಿನಲ್ಲಿ ತೇಲಿಸಿ ನೋಡುವ ಪರೀಕ್ಷೆಯು ಇಲ್ಲಿ ನಿಷ್ಪ್ರಯೋಜಕ. ಎರಡು ಪದಾರ್ಥಗಳೂ ತೇಲುವುವು. ಕೊಳ್ಳುವ ಮೊದಲು ಭಾರತೀಯ ಮಾನಕ 12786ರ ಗುರುತು ಕೊಳವೆಯ ಮೈಮೇಲೆ ಅಚ್ಚಾಗಿದೆಯೇ ಎಂದು ನೋಡತಕ್ಕದ್ದು. ಒಂದು ಮೊಳವನ್ನು ಕತ್ತರಿಸಿ, ಒಳಮೈಯಲ್ಲಿ ಗಂಟು, ಒರಟು, ಬೂದುಬಣ್ಣದ ಪಟ್ಟೆಗಳಿವೆಯೇ ಎಂದು ಬೆಳಕಿಗೆ ಹಿಡಿದು ಪರೀಕ್ಷಿಸಿ, ಹಲವು ಸಲ ಮಡಿಚಿ ನೋಡುವುದು ಒಳ್ಳೆಯದು. ಮಡಿಕೆಯಲ್ಲಿ ಬಿರುಕು ಕಂಡಲ್ಲಿ ಆ ಸುರುಳಿಯನ್ನು ಅಂಗಡಿಯಲ್ಲಿಯೇ ಬಿಡತಕ್ಕದ್ದು. ರಸೀತಿಯನ್ನೂ, ಕೊಳವೆಯ ಮೇಲಿನ ತಯಾರಿಕೆಯ ಸಂಖ್ಯೆಯನ್ನೂ ಬರೆದಿಟ್ಟುಕೊಂಡಲ್ಲಿ, ಫಸಲಿನ ನಡುವೆ ಕೊಳವೆಯು ಸೀಳಿದಾಗ ಬದಲಿ ಕೇಳಲು ಆಧಾರವಿರುವುದು.