ಒಂದು ಪ್ರೋಟೀನಿನ ಸಾಕ್ಷ್ಯ: ಕ್ಷಯದ ರಕ್ತಪರೀಕ್ಷೆಯನ್ನು ಓದುವ ಬಗೆ

ಕಳೆದ ವರ್ಷ ನಮ್ಮ ವಿಭಾಗದ ವಿದ್ಯಾರ್ಥಿನಿಯೊಬ್ಬಳು ಪ್ರಯೋಗಾಲಯದ ವರದಿಯೊಂದನ್ನು ಹಿಡಿದು ನನ್ನ ಕೊಠಡಿಗೆ ಬಂದಳು. ಮನೆಯ ಹಿರಿಯರೊಬ್ಬರಿಗೆ ಶ್ವಾಸಕೋಶದ ಕ್ಷಯವಾಗಿ ಚಿಕಿತ್ಸೆ ಆರಂಭವಾಗಿತ್ತು. ಉಳಿದವರ ರಕ್ತವನ್ನೂ ಪರೀಕ್ಷಿಸಿದ್ದರು. ಇವಳ ವರದಿಯಲ್ಲಿ ‘ಇಗ್ರಾ: ಪಾಸಿಟಿವ್’ ಎಂದಿತ್ತು. ವರದಿ ಇಂಗ್ಲಿಷಿನಲ್ಲಿತ್ತು, ದವಾಖಾನೆಯ ಗೋಡೆಯ ಸೂಚನೆ ಮರಾಠಿಯಲ್ಲಿತ್ತು, ಮನೆಯವರ ಅಳು ಕನ್ನಡದಲ್ಲಿತ್ತು. ಕೆಮ್ಮಿಲ್ಲ, ಜ್ವರವಿಲ್ಲ, ಆದರೂ ಮನೆಯಲ್ಲಿ ಅವಳ ತಟ್ಟೆ-ಲೋಟಗಳು ಬೇರೆಯಾಗಿದ್ದವು, ಕಾಲೇಜು ಬಿಡಿಸುವ ಮಾತೂ ನಡೆದಿತ್ತು. “ಸರ್, ನನಗ ಟಿಬಿ ಆಗ್ಯದೇನ್ರಿ?” ಎಂದು ಕೇಳಿದಳು.

ಉತ್ತರಿಸುವ ಅಧಿಕಾರ ನನಗಿರಲಿಲ್ಲ. ಅವಳನ್ನು ಕ್ಷಯರೋಗದ ವೈದ್ಯರ ಬಳಿಗೆ ಕಳುಹಿಸಿದೆ. ಆದರೆ ಆ ಒಂದು ಸಾಲಿನ ಅರ್ಥವೇನೆಂಬ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಆಮೇಲೆ ಓದಿ, ಬಲ್ಲವರನ್ನು ಕೇಳಿ ತಿಳಿದುಕೊಂಡದ್ದನ್ನು ಇಲ್ಲಿ ನಿಮ್ಮ ಮುಂದಿಡುತ್ತಿದ್ದೇನೆ.

ಮೊದಲು ಪದಗಳ ವಿಚಾರ

ನಾನು ಏಳನೆಯ ಇಯತ್ತೆಯವರೆಗೆ ಕನ್ನಡ ಶಾಲೆಯಲ್ಲಿ ಓದಿ, ಎಂಟನೆಯದಕ್ಕೆ ಮರಾಠಿ ಶಾಲೆ ಸೇರಿದವನು. ವಿಜ್ಞಾನದ ಗುರುಗಳು ‘ಪೇಶಿ’ ಎಂದಾಗಲೆಲ್ಲ ನನ್ನ ಕಣ್ಣಮುಂದೆ ತೋಳಿನ ಮಾಂಸಖಂಡ ಬರುತ್ತಿತ್ತು. ಕನ್ನಡದಲ್ಲಿ ಪೇಶಿ ಎಂದರೆ ಸ್ನಾಯು. ಮರಾಠಿಯಲ್ಲಿ ಅದೇ ಪದ ಜೀವಕೋಶಕ್ಕೆ ಸಲ್ಲುತ್ತದೆ. ಹಾಗೆಯೇ ಮರಾಠಿಯ ‘ಪ್ರಥಿನೆ’ಯನ್ನು ನಮ್ಮ ಹಳೆಯ ಪಠ್ಯಗಳು ‘ಸಸಾರಜನಕ’ ಎಂದು ಕರೆದವು. ಇಂದು ಪ್ರೋಟೀನು ಎಂಬುದೇ ರೂಢಿ. ನಿಮ್ಮಲ್ಲಿ ಅರ್ಧದಷ್ಟು ಮಂದಿ ಮರಾಠಿ ಮಾಧ್ಯಮದಿಂದ ಬಂದವರಾದ್ದರಿಂದ ಇದನ್ನು ಮೊದಲೇ ಹೇಳಿದೆ. ಮುಂದೆ ಜೀವಕೋಶ, ಪ್ರೋಟೀನು ಎಂಬ ಪದಗಳನ್ನೇ ಬಳಸುತ್ತೇನೆ.

ಸಂಕೇತವನ್ನು ಒಯ್ಯುವ ಪ್ರೋಟೀನು

ದೇಹದ ಜೀವಕೋಶಗಳು ಒಂದಕ್ಕೊಂದು ಸುದ್ದಿ ಮುಟ್ಟಿಸುವುದು ಬಹುಮಟ್ಟಿಗೆ ರಾಸಾಯನಿಕಗಳ ಮೂಲಕ. ಒಂದು ಕೋಶ ಸ್ರವಿಸಿದ ಪ್ರೋಟೀನು ಇನ್ನೊಂದು ಕೋಶದ ಮೈಮೇಲಿನ ‘ಗ್ರಾಹಕ’ವೆಂಬ ಪ್ರೋಟೀನಿಗೆ ಕೂಡಿಕೊಂಡಾಗ ಸುದ್ದಿ ತಲುಪಿದಂತಾಯಿತು. ಇಂಥ ಸಂಕೇತವಾಹಕಗಳಲ್ಲಿ ಇಂಟರ್‌ಫೆರಾನ್ ಪ್ರಸಿದ್ಧವಾದುದು. 1957ರಲ್ಲಿ ಲಂಡನ್ನಿನಲ್ಲಿ ಅಲಿಕ್ ಐಸಾಕ್ಸ್ ಮತ್ತು ಜ್ಯಾಂ ಲಿಂಡೆನ್‌ಮನ್ ಎಂಬ ಇಬ್ಬರು ವಿಜ್ಞಾನಿಗಳು ಕೋಳಿಮೊಟ್ಟೆಯೊಳಗಿನ ಪೊರೆಯ ಚೂರುಗಳಿಗೆ ಕಾಯಿಸಿ ನಿಷ್ಕ್ರಿಯಗೊಳಿಸಿದ ಫ್ಲೂ ವೈರಸ್ಸನ್ನು ಸೇರಿಸಿದರು. ಆ ಕೋಶಗಳಿಂದ ಹೊರಬಂದ ವಸ್ತುವೊಂದು ಬೇರೆ ಕೋಶಗಳಲ್ಲಿ ಜೀವಂತ ವೈರಸ್ ಬೆಳೆಯದಂತೆ ತಡೆಯಿತು. ವೈರಸ್ಸಿನ ಕೆಲಸದಲ್ಲಿ ಅಡ್ಡ ಬರುವುದರಿಂದ ಅದಕ್ಕೆ ಆ ಹೆಸರಾಯಿತು. ಮುಂದೆ ಇಂಟರ್‌ಫೆರಾನುಗಳು ಹಲವು ಬಗೆಯವೆಂದು ತಿಳಿಯಿತು. ಕ್ಷಯಕ್ಕೆ ಸಂಬಂಧಪಟ್ಟದ್ದು ಗಾಮಾ ಎಂಬ ಬಗೆ.

ಕ್ಷಯದ ರೋಗಾಣುವಿನ ಜಾಣತನ ವಿಚಿತ್ರವಾದುದು. ಅದು ಉಸಿರಿನೊಡನೆ ಒಳಸೇರಿದಾಗ ಮ್ಯಾಕ್ರೋಫೇಜ್ ಎಂಬ ಕಾವಲುಕೋಶ ಅದನ್ನು ನುಂಗುತ್ತದೆ. ಆದರೆ ನುಂಗಿದವನ ಹೊಟ್ಟೆಯಲ್ಲಿಯೇ ಅದು ಬದುಕಿ ಬೆಳೆಯಬಲ್ಲದು. ಮ್ಯಾಕ್ರೋಫೇಜು ರೋಗಾಣುವಿನ ಪ್ರೋಟೀನಿನ ತುಣುಕುಗಳನ್ನು ತನ್ನ ಮೈಮೇಲೆ ಎತ್ತಿ ತೋರಿಸುತ್ತದೆ. ಆ ತುಣುಕನ್ನು ಗುರುತಿಸಬಲ್ಲ ಟಿ-ಕೋಶ ಬಂದು ಇಂಟರ್‌ಫೆರಾನ್ ಗಾಮಾವನ್ನು ಸ್ರವಿಸುತ್ತದೆ. ಅದು ಮ್ಯಾಕ್ರೋಫೇಜಿನ ಗ್ರಾಹಕಕ್ಕೆ ಕೂಡಿದೊಡನೆ ಒಳಬದಿಯಲ್ಲಿರುವ ‘ಜ್ಯಾಕ್’ ಎಂಬ ಕಿಣ್ವಗಳು ಎಚ್ಚೆತ್ತು, ‘ಸ್ಟ್ಯಾಟ್-1’ ಎಂಬ ಪ್ರೋಟೀನಿಗೆ ಫಾಸ್ಫೇಟಿನ ಮುದ್ರೆಯೊತ್ತುತ್ತವೆ. ಮುದ್ರೆ ಬಿದ್ದ ಸ್ಟ್ಯಾಟ್‌ಗಳು ಜೋಡಿಯಾಗಿ ಕೋಶಕೇಂದ್ರವನ್ನು ಹೊಕ್ಕು ನಿರ್ದಿಷ್ಟ ಜೀನುಗಳನ್ನು ಚಾಲೂ ಮಾಡುತ್ತವೆ. ಆಗ ಮ್ಯಾಕ್ರೋಫೇಜಿಗೆ ತಾನು ನುಂಗಿದ್ದನ್ನು ಕೊಲ್ಲುವ ಶಕ್ತಿ ಹೆಚ್ಚುತ್ತದೆ.

ಈ ಸರಪಳಿ ಎಷ್ಟು ಮುಖ್ಯವೆಂಬುದಕ್ಕೆ ಪ್ರಕೃತಿಯೇ ಪುರಾವೆ ಕೊಟ್ಟಿದೆ. ಇಂಟರ್‌ಫೆರಾನ್ ಗಾಮಾದ ಗ್ರಾಹಕ ದೋಷಯುಕ್ತವಾಗಿ ಹುಟ್ಟಿದ ಮಕ್ಕಳು ಇದ್ದಾರೆ. ಇತರ ಮಕ್ಕಳನ್ನು ರಕ್ಷಿಸುವ ಬಿಸಿಜಿ ಲಸಿಕೆಯಲ್ಲಿನ ದುರ್ಬಲ ರೋಗಾಣುವೇ ಅಂಥವರಿಗೆ ಪ್ರಾಣಾಂತಕವಾಗಬಲ್ಲದು. ಓಲೆ ಬಂದರೂ ಓದುವವರಿಲ್ಲದ ಸ್ಥಿತಿ ಅದು.

ಇನ್ನೊಂದು ಸಂಗತಿಯನ್ನು ನೆನಪಿಡಿ. ಒಮ್ಮೆ ರೋಗಾಣುವನ್ನು ಕಂಡ ಟಿ-ಕೋಶಗಳ ಸಂತತಿಯಲ್ಲಿ ಕೆಲವು ಬಹುಕಾಲ ಉಳಿಯುತ್ತವೆ. ಅದೇ ತುಣುಕು ಮತ್ತೆ ಎದುರಾದರೆ ಕೂಡಲೇ ಇಂಟರ್‌ಫೆರಾನ್ ಸ್ರವಿಸುತ್ತವೆ. ಇಗ್ರಾ ಪರೀಕ್ಷೆ ನಿಂತಿರುವುದು ಈ ನೆನಪಿನ ಮೇಲೆ.

ಚರ್ಮದಿಂದ ನಳಿಕೆಗೆ

ರಾಬರ್ಟ್ ಕೋಖ್ 1882ರಲ್ಲಿ ಕ್ಷಯದ ರೋಗಾಣುವನ್ನು ತೋರಿಸಿಕೊಟ್ಟವನು. 1890ರಲ್ಲಿ ಅವನು ರೋಗಾಣುಗಳ ಸಾರದಿಂದ ಮಾಡಿದ ‘ಟ್ಯುಬರ್‌ಕ್ಯುಲಿನ್’ ಅನ್ನು ಕ್ಷಯಕ್ಕೆ ಮದ್ದೆಂದು ಪ್ರಕಟಿಸಿದ. ಮದ್ದಾಗಿ ಅದು ಸೋತಿತು, ಪರೀಕ್ಷೆಯಾಗಿ ಉಳಿಯಿತು. 1907ರಲ್ಲಿ ವಿಯೆನ್ನಾದ ಪಿರ್ಕೆ ಅದನ್ನು ಚರ್ಮದ ಮೇಲೆ ಪ್ರಯೋಗಿಸಿದ. 1908ರಲ್ಲಿ ಫ್ರಾನ್ಸಿನ ಮಾಂಟೂ ಚರ್ಮದ ಪದರದೊಳಗೆ ಚುಚ್ಚುವ ಕ್ರಮವನ್ನು ತಂದ. ಇಂದಿಗೂ ಮಾಂಟೂ ಪರೀಕ್ಷೆಯಲ್ಲಿ 48ರಿಂದ 72 ಗಂಟೆಗಳ ನಂತರ ಮುಂಗೈ ಮೇಲಿನ ಗಟ್ಟಿ ಉಬ್ಬನ್ನು ಮಿಲಿಮೀಟರುಗಳಲ್ಲಿ ಅಳೆಯುತ್ತಾರೆ. ಅದರ ತೊಡಕೆಂದರೆ, ಟ್ಯುಬರ್‌ಕ್ಯುಲಿನ್ ಹಲವು ಪ್ರೋಟೀನುಗಳ ಮಿಶ್ರಣ. ಅವುಗಳಲ್ಲಿ ಕೆಲವು ಬಿಸಿಜಿಯ ರೋಗಾಣುವಿನಲ್ಲಿಯೂ ಇವೆ. ಹುಟ್ಟಿದೊಡನೆ ಬಿಸಿಜಿ ಹಾಕಿಸಿಕೊಳ್ಳುವ ನಮ್ಮಲ್ಲಿ ಉಬ್ಬು ಲಸಿಕೆಯದೋ ಸೋಂಕಿನದೋ ಎಂಬ ಸಂದೇಹ ಉಳಿಯುತ್ತದೆ.

ಚರ್ಮದ ಬದಲು ನಳಿಕೆಯಲ್ಲಿಯೇ ರಕ್ತವನ್ನು ಪ್ರಶ್ನಿಸುವ ಕ್ರಮ ಮೊದಲು ರೂಪುಗೊಂಡದ್ದು ಮನುಷ್ಯರಿಗಾಗಿ ಅಲ್ಲ, ದನಗಳಿಗಾಗಿ. 1980ರ ದಶಕದ ಕೊನೆಯಲ್ಲಿ ಆಸ್ಟ್ರೇಲಿಯಾದ ವಿಜ್ಞಾನಿಗಳು ದನದ ರಕ್ತಕ್ಕೆ ಟ್ಯುಬರ್‌ಕ್ಯುಲಿನ್ ಬೆರೆಸಿಟ್ಟು, ಹೊರಬಂದ ಇಂಟರ್‌ಫೆರಾನನ್ನು ಅಳೆದರು. ಮನುಷ್ಯರಿಗಾಗಿ ಮಾಡಿದ ಪರೀಕ್ಷೆಗೆ 2001ರಲ್ಲಿ ಅಮೆರಿಕದಲ್ಲಿ ಮನ್ನಣೆ ಸಿಕ್ಕಿತು. ಈ ನಡುವೆ ಜೀನುಗಳ ಅಧ್ಯಯನದಿಂದ ಒಂದು ಉಪಯುಕ್ತ ಸಂಗತಿ ಹೊರಬಿತ್ತು: ಕ್ಷಯದ ರೋಗಾಣುವಿನ ‘ಇಸ್ಯಾಟ್-6’ ಮತ್ತು ‘ಸಿಎಫ್‌ಪಿ-10’ ಎಂಬೆರಡು ಪ್ರೋಟೀನುಗಳು ಬಿಸಿಜಿಯಲ್ಲಿ ಇಲ್ಲ, ಪ್ರಯೋಗಾಲಯದಲ್ಲಿ ವರ್ಷಗಟ್ಟಲೆ ಬೆಳೆಸುವಾಗ ಅವುಗಳ ಜೀನುಗಳು ಕಳಚಿಹೋಗಿದ್ದವು. ಈಗಿನ ಇಗ್ರಾದಲ್ಲಿ ಈ ಎರಡನ್ನೇ ಬಳಸುವುದರಿಂದ ಲಸಿಕೆಯ ಗೊಂದಲ ತಪ್ಪುತ್ತದೆ.

ನಾಲ್ಕು ನಳಿಕೆಗಳ ಸಂವಾದ

ಹೆಚ್ಚು ಬಳಕೆಯಲ್ಲಿರುವ ಇಗ್ರಾದಲ್ಲಿ ನಾಲ್ಕು ನಳಿಕೆಗಳಿಗೆ ಒಂದೊಂದು ಮಿಲಿಲೀಟರಿನಷ್ಟು ರಕ್ತ ತುಂಬುತ್ತಾರೆ. ಒಂದರಲ್ಲಿ ಏನನ್ನೂ ಬೆರೆಸಿರುವುದಿಲ್ಲ. ಯಾರೂ ಕೇಳದಿದ್ದರೂ ಈ ರಕ್ತ ಎಷ್ಟು ಇಂಟರ್‌ಫೆರಾನ್ ತೋರುತ್ತದೆ ಎಂದು ನೋಡುವುದಕ್ಕೆ ಅದು. ಎರಡರಲ್ಲಿ ಮೇಲೆ ಹೇಳಿದ ಪ್ರೋಟೀನುಗಳ ತುಣುಕುಗಳಿರುತ್ತವೆ. ನಾಲ್ಕನೆಯದರಲ್ಲಿ ಟಿ-ಕೋಶಗಳನ್ನು ಸಾರಾಸಗಟಾಗಿ ಕೆರಳಿಸುವ ವಸ್ತುವಿರುತ್ತದೆ. 37 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ 16ರಿಂದ 24 ಗಂಟೆ ಇಟ್ಟು, ಬಳಿಕ ಎಲೈಸಾ ಎಂಬ ವಿಧಾನದಿಂದ ಇಂಟರ್‌ಫೆರಾನನ್ನು ಅಳೆಯುತ್ತಾರೆ. ಒಂದು ಪ್ರತಿಕಾಯ ಇಂಟರ್‌ಫೆರಾನನ್ನು ಹಿಡಿದಿಡುತ್ತದೆ. ಕಿಣ್ವ ಹೊತ್ತ ಇನ್ನೊಂದು ಪ್ರತಿಕಾಯ ಅದಕ್ಕೆ ಅಂಟಿ, ಸೇರಿಸಿದ ದ್ರಾವಣಕ್ಕೆ ಬಣ್ಣ ಬರಿಸುತ್ತದೆ. ಬಣ್ಣ ಗಾಢವಾದಷ್ಟೂ ಇಂಟರ್‌ಫೆರಾನ್ ಹೆಚ್ಚು.

ಕ್ಷಯದ ನಳಿಕೆಯಲ್ಲಿನ ಪ್ರಮಾಣ ಖಾಲಿ ನಳಿಕೆಗಿಂತ ಮಿಲಿಲೀಟರಿಗೆ 0.35 ಯೂನಿಟ್ ಅಥವಾ ಅದಕ್ಕಿಂತ ಹೆಚ್ಚಾದರೆ ಸಾಮಾನ್ಯವಾಗಿ ಪಾಸಿಟಿವ್ ಎನ್ನುತ್ತಾರೆ. ನಾಲ್ಕನೆಯ ನಳಿಕೆಯೂ ಸುಮ್ಮನಿದ್ದರೆ ಆ ರಕ್ತದ ಮೌನವನ್ನು ‘ಇಲ್ಲ’ ಎಂದು ತಿಳಿಯುವಂತಿಲ್ಲ. ವರದಿಯಲ್ಲಿ ‘ಅನಿರ್ಧಾರಿತ’ ಎಂದೇ ಬರೆಯಬೇಕು. ಎಚ್‌ಐವಿ ಮೊದಲಾದ ಕಾರಣಗಳಿಂದ ರೋಗನಿರೋಧಕ ಶಕ್ತಿ ಕುಗ್ಗಿದವರಲ್ಲಿ ಹೀಗಾಗುವುದುಂಟು. 0.35ರ ಆಸುಪಾಸಿನ ಫಲಿತಾಂಶ ಮರುಪರೀಕ್ಷೆಯಲ್ಲಿ ಈ ಕಡೆಯಿಂದ ಆ ಕಡೆಗೆ ಹೊರಳುವುದೂ ಉಂಟು.

ಹೊಗೆಯೋ, ಹೊಳೆಯೋ?

ಈಗ ಆ ವಿದ್ಯಾರ್ಥಿನಿಯ ಪ್ರಶ್ನೆಗೆ ಬರೋಣ. ನ್ಯಾಯಶಾಸ್ತ್ರದ ಅನುಮಾನ ಪ್ರಕರಣದಲ್ಲಿ ಎರಡು ನಿದರ್ಶನಗಳು ಬರುತ್ತವೆ. ಬೆಟ್ಟದ ಮೇಲೆ ಹೊಗೆ ಕಂಡರೆ ಅಲ್ಲಿ ಈಗ ಬೆಂಕಿಯಿದೆ. ತುಂಬಿದ ಹೊಳೆ ಕಂಡರೆ ಮೇಲೆಲ್ಲೋ ಮಳೆ ಬಿದ್ದಿತ್ತು. ಎರಡನೆಯದನ್ನು ನಾವು ಭೀಮೆಯ ದಂಡೆಯಲ್ಲಿ ಎಷ್ಟು ಸಲ ಕಂಡಿಲ್ಲ! ಪುಣೆಯ ಕಡೆ ಘಟ್ಟದಲ್ಲಿ ಮಳೆ ಸುರಿದು ಉಜನಿಯಿಂದ ನೀರು ಬಿಟ್ಟರೆ, ನಮ್ಮಲ್ಲಿ ಬಿಸಿಲು ಕಾಯುತ್ತಿದ್ದರೂ ಹೊಳೆ ದಂಡೆ ಮೀರುತ್ತದೆ.

ಇಗ್ರಾ ಪಾಸಿಟಿವ್ ಎಂಬುದು ಹೊಳೆಯ ಸಾಕ್ಷ್ಯ. ಈ ದೇಹ ಎಂದೋ ಕ್ಷಯದ ರೋಗಾಣುವನ್ನು ಎದುರಿಸಿದೆ ಎಂದಷ್ಟೇ ಅದು ಹೇಳಬಲ್ಲದು. ಈಗ ರೋಗವಿದೆಯೇ, ಸೋಂಕು ಸುಪ್ತವಾಗಿದೆಯೇ ಎಂದು ಬೇರ್ಪಡಿಸಿ ಹೇಳಲಾರದು. ಚಿಕಿತ್ಸೆ ಮುಗಿಸಿದವರಲ್ಲಿಯೂ ಪಾಸಿಟಿವ್ ಆಗಿಯೇ ಉಳಿಯಬಹುದು. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕ್ಷಯ ಸಮೀಕ್ಷೆಯಲ್ಲಿ 15 ವರ್ಷ ಮೇಲ್ಪಟ್ಟವರಲ್ಲಿ ಸುಮಾರು ಶೇ. 31 ಮಂದಿಗೆ ಸೋಂಕಿನ ಗುರುತಿತ್ತು. ಅಂದರೆ ಲಕ್ಷಕ್ಕೆ ಮೂವತ್ತೊಂದು ಸಾವಿರ. ಆದರೆ ರೋಗಾಣು ಪತ್ತೆಯಾಗಿ ಶ್ವಾಸಕೋಶದ ಕ್ಷಯವೆಂದು ದೃಢಪಟ್ಟವರು ಲಕ್ಷಕ್ಕೆ 316. ಸೋಂಕು ಮತ್ತು ರೋಗಗಳ ಅಂತರವನ್ನು ಈ ಎರಡು ಅಂಕಿಗಳಲ್ಲಿಯೇ ಕಾಣಬಹುದು. ಸುಪ್ತ ಸೋಂಕು ಇನ್ನೊಬ್ಬರಿಗೆ ಹರಡುವುದಿಲ್ಲ. ತಟ್ಟೆ-ಲೋಟ ಬೇರೆ ಮಾಡುವುದಕ್ಕೆ ಅಲ್ಲಿ ಕಾರಣವೇ ಇಲ್ಲ.

ಹಾಗೆಂದು ವರದಿಯನ್ನು ಮಡಚಿಡುವಂತೆಯೂ ಇಲ್ಲ. ಸೋಂಕಿತರಲ್ಲಿ ಶೇ. 5ರಿಂದ 10 ಮಂದಿಗೆ ಜೀವಮಾನದಲ್ಲಿ ಎಂದಾದರೂ ರೋಗ ಕಾಣಿಸಿಕೊಳ್ಳುತ್ತದೆ. ಮೊದಲ ಎರಡು ವರ್ಷಗಳಲ್ಲಿ ಆ ಅಪಾಯ ಹೆಚ್ಚು. ಅಪೌಷ್ಟಿಕತೆ, ಸಕ್ಕರೆ ಕಾಯಿಲೆ, ಎಚ್‌ಐವಿ ಇದ್ದರೆ ಇನ್ನೂ ಹೆಚ್ಚು. ಆದ್ದರಿಂದ ಮೊದಲು ರೋಗವಿಲ್ಲವೆಂದು ಖಚಿತಪಡಿಸಿಕೊಂಡು, ಬಳಿಕ ವೈದ್ಯರು ತಡೆಗಟ್ಟುವ ಮಾತ್ರೆಗಳನ್ನು ಕೊಡುತ್ತಾರೆ. ಹೊಗೆಯನ್ನೇ ಹುಡುಕುವ ಪರೀಕ್ಷೆಗಳು ಬೇರೆ: ಎದೆಯ ಎಕ್ಸ್‌ರೇ, ಕಫದಲ್ಲಿ ರೋಗಾಣುವಿನ ಡಿಎನ್‌ಎ ಪತ್ತೆಮಾಡುವ ಯಂತ್ರಗಳು. ಅಂಥ ಒಂದು ಯಂತ್ರವಾದ ಟ್ರೂನ್ಯಾಟ್ ಬೆಂಗಳೂರು ಮತ್ತು ಗೋವೆಯ ಪ್ರಯೋಗಾಲಯಗಳಲ್ಲಿ ರೂಪುಗೊಂಡದ್ದು. 2020ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಶಿಫಾರಸು ಮಾಡಿತು.

ಸಾಕ್ಷ್ಯವನ್ನು ತಪ್ಪಾಗಿ ಓದಿದರೆ ಆಗುವ ಹಾನಿಗೆ ನಮ್ಮ ದೇಶದಲ್ಲಿಯೇ ಉದಾಹರಣೆಯಿದೆ. ರಕ್ತದಲ್ಲಿನ ಪ್ರತಿಕಾಯಗಳನ್ನು ನೋಡಿ ಕ್ಷಯವಿದೆಯೆಂದು ಹೇಳುವ ಪರೀಕ್ಷೆಗಳು ಬಹುಕಾಲ ಮಾರಾಟವಾದವು. ಇಲ್ಲದವರಿಗೆ ಇದೆಯೆಂದೂ ಇದ್ದವರಿಗೆ ಇಲ್ಲವೆಂದೂ ಹೇಳುತ್ತಿದ್ದ ಅವುಗಳ ವಿರುದ್ಧ 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಎಚ್ಚರಿಸಿತು; 2012ರಲ್ಲಿ ಭಾರತ ಸರಕಾರ ಅವುಗಳನ್ನು ನಿಷೇಧಿಸಿತು.

ಆ ವಿದ್ಯಾರ್ಥಿನಿಯ ಎಕ್ಸ್‌ರೇ ಶುದ್ಧವಾಗಿತ್ತು. ವೈದ್ಯರು ಬರೆದುಕೊಟ್ಟ ತಡೆಮಾತ್ರೆಗಳನ್ನು ಒಂದೂ ತಪ್ಪಿಸದೆ ಮುಗಿಸಿ ಈಗ ಅಂತಿಮ ವರ್ಷದಲ್ಲಿದ್ದಾಳೆ. ಮನೆಯವರಿಗೆ ವರದಿಯ ಅರ್ಥವನ್ನು ಅವಳೇ ಕನ್ನಡದಲ್ಲಿ ಕೂರಿಸಿಕೊಂಡು ಹೇಳಿದಳಂತೆ. ಮೊದಲು ಒಪ್ಪಿದವರು ಅಜ್ಜಿ, ತಟ್ಟೆಯನ್ನು ತಂದು ಉಳಿದವುಗಳೊಡನೆ ಜೋಡಿಸಿದವರೂ ಅವರೇ. ನೀವು ಕಾವ್ಯದಲ್ಲಿ ವಾಚ್ಯಾರ್ಥವೆಷ್ಟು, ಅದರಾಚೆಗೆ ಊಹಿಸಬಹುದಾದದ್ದೆಷ್ಟು ಎಂದು ಬೇರ್ಪಡಿಸುವುದನ್ನು ಕಲಿಯುತ್ತಿದ್ದೀರಿ. ನಿಮ್ಮ ಮನೆಗೋ ನೆರೆಮನೆಗೋ ಇಂಥ ವರದಿ ಬಂದಾಗ ಆ ಅಭ್ಯಾಸವನ್ನು ಅಲ್ಲಿಯೂ ಬಳಸಿ, ಉಳಿದದ್ದನ್ನು ವೈದ್ಯರಿಗೆ ಕೇಳಿ.