ನಿಸ್ತಂತು ಜಾಲ ನಿಧಾನವೇ? ಲಿನಕ್ಸ್ ಗಣಕದಲ್ಲಿ ಕಾರಣ ಹುಡುಕುವ ಬಗೆ

ಲಿನಕ್ಸ್ ಅಳವಡಿಸಿದ ಗಣಕದಲ್ಲಿ ವೈ-ಫೈ ಸಂಪರ್ಕ ಸಿಗುತ್ತದೆ, ಆದರೆ ಒಂದು ಪುಟ ತೆರೆಯಲು ನಿಮಿಷಗಟ್ಟಲೆ ಕಾಯಬೇಕು. ಆಗ 'ಲಿನಕ್ಸೇ ಸರಿಯಿಲ್ಲ' ಎಂದೋ 'ಹೊಸ ಕಾರ್ಡ್ ಬೇಕು' ಎಂದೋ ತೀರ್ಮಾನಿಸುವುದು ಸುಲಭ. ಶಾಲೆಯ ಹಣ ಖರ್ಚಾಗುವ ಮೊದಲು ದೋಷ ಎಲ್ಲಿದೆ ಎಂದು ತಿಳಿಯಬೇಡವೇ? ಅದು ರೇಡಿಯೋ ಅಲೆಗಳ ಹಾದಿಯಲ್ಲಿರಬಹುದು, ಕಾರ್ಡನ್ನು ನಡೆಸುವ ತಂತ್ರಾಂಶದಲ್ಲಿರಬಹುದು ಅಥವಾ ರೌಟರಿನ ಆಚೆಗಿರಬಹುದು.

ಮೊದಲು ಅದೇ ಗಣಕವನ್ನು ಕೇಬಲ್ ಮೂಲಕ ರೌಟರಿಗೆ ಜೋಡಿಸಿ ನೋಡಿ. ಆಗಲೂ ನಿಧಾನವಾದರೆ ವೈ-ಫೈ ಕಾರ್ಡ್ ನಿರಪರಾಧಿ. ವೇಗ ಹೆಚ್ಚಿದರೆ ಮುಂದಿನ ಹೆಜ್ಜೆಗೆ ಹೋಗಿ.

ಲಿನಕ್ಸ್‌ನ 'ಐಡಬ್ಲ್ಯೂ' ಎಂಬ ಸಾಧನ ಸಂಪರ್ಕದ ಆವೃತ್ತಿ, ಸಂಕೇತದ ಬಲ ಮತ್ತು ದತ್ತಾಂಶದ ದರವನ್ನು ತೋರಿಸುತ್ತದೆ. ಬಲದ ಏಕಮಾನ ಡಿಬಿಎಂ. 0 ಡಿಬಿಎಂ ಎಂದರೆ 1 ಮಿಲಿವಾಟ್. ಪ್ರತಿ 10 ಇಳಿದಾಗ ಸಾಮರ್ಥ್ಯ ಹತ್ತನೆಯ ಒಂದು ಭಾಗವಾಗುತ್ತದೆ. -50 ಡಿಬಿಎಂ ಎಂದರೆ 10 ನ್ಯಾನೋವಾಟ್, ಉತ್ತಮ ಸಂಕೇತ. -80 ಎಂದರೆ ಅದರ ಸಾವಿರದ ಒಂದು ಭಾಗ. ಇಷ್ಟು ದುರ್ಬಲ ಸಂಕೇತವನ್ನು ಗದ್ದಲದ ನಡುವೆ ತಪ್ಪಿಲ್ಲದೆ ಗುರುತಿಸಲು ಕಾರ್ಡ್ ತಾನಾಗಿಯೇ ದರವನ್ನು ಇಳಿಸಿಕೊಳ್ಳುತ್ತದೆ. ಇದು ದೋಷವಲ್ಲ. ಗಣಕವನ್ನು ರೌಟರಿನ ಹತ್ತಿರಕ್ಕೆ ತನ್ನಿ.

ಸಂಕೇತ ಬಲವಾಗಿದ್ದೂ ವೇಗವಿಲ್ಲದಿದ್ದರೆ ಅಡಚಣೆಯನ್ನು ಶಂಕಿಸಿ. 2.4 ಗಿಗಾಹರ್ಟ್ಸ್ ಪಟ್ಟಿಯ ಚಾನೆಲ್‌ಗಳು 5 ಮೆಗಾಹರ್ಟ್ಸ್ ಅಂತರದಲ್ಲಿವೆ. ಆದರೆ ಒಂದೊಂದು ಪ್ರಸಾರವೂ ಸುಮಾರು 20 ಮೆಗಾಹರ್ಟ್ಸ್ ಜಾಗ ಆಕ್ರಮಿಸುತ್ತದೆ. ಹಾಗಾಗಿ ಒಂದರ ಮೇಲೊಂದು ಬೀಳದಂತೆ 1, 6, 11 ಇವುಗಳಲ್ಲಿ ಒಂದನ್ನು ಆರಿಸಬೇಕು. ಮೈಕ್ರೋವೇವ್ ಒಲೆ ಮತ್ತು ಯುಎಸ್‌ಬಿ 3 ಸಾಧನಗಳೂ ಇದೇ ಪಟ್ಟಿಯಲ್ಲಿ ಗದ್ದಲ ಉಂಟುಮಾಡಬಲ್ಲವು. ಕಾರ್ಡ್ ಮತ್ತು ರೌಟರ್ ಎರಡಕ್ಕೂ 5 ಗಿಗಾಹರ್ಟ್ಸ್ ಸೌಲಭ್ಯವಿದ್ದರೆ ಅದನ್ನು ಬಳಸಿ. ಅಲ್ಲಿ ಜಾಗ ಹೆಚ್ಚು, ಆದರೆ ಗೋಡೆಗಳು ಆ ಅಲೆಗಳನ್ನು ಹೆಚ್ಚು ತಡೆಯುತ್ತವೆ.

ಮೂರನೆಯದು ವಿದ್ಯುತ್ ಉಳಿತಾಯ. ರೌಟರ್ ಸಾಮಾನ್ಯವಾಗಿ 102.4 ಮಿಲಿಸೆಕೆಂಡಿಗೊಮ್ಮೆ ತನ್ನ ಇರುವಿಕೆಯ ಸಂಕೇತ ಕಳಿಸುತ್ತದೆ. ಈ ನಡುವೆ ಕಾರ್ಡ್ ನಿದ್ರಿಸಿದರೆ ಅದಕ್ಕೆ ಬಂದ ದತ್ತಾಂಶ ರೌಟರಿನಲ್ಲೇ ಕಾಯುತ್ತದೆ. 'ಪಿಂಗ್' ಆದೇಶದಿಂದ ರೌಟರಿನ ಉತ್ತರದ ಕಾಲವನ್ನು ಅಳೆಯಿರಿ. ಅದು ಕೆಲವು ಮಿಲಿಸೆಕೆಂಡಿನಿಂದ ನೂರಕ್ಕೂ ಮೇಲೆ ಜಿಗಿಯುತ್ತಿದ್ದರೆ 'ಐಡಬ್ಲ್ಯೂ' ಮೂಲಕ 'ಪವರ್ ಸೇವ್' ಅನ್ನು ನಿಲ್ಲಿಸಿ ಮತ್ತೆ ಅಳೆಯಿರಿ. ಉತ್ತರ ಸ್ಥಿರವಾದರೆ ಕಾರಣ ಸಿಕ್ಕಿತು. ಲ್ಯಾಪ್‌ಟಾಪ್ ಆದರೆ ಬ್ಯಾಟರಿ ಸ್ವಲ್ಪ ಬೇಗ ಖಾಲಿಯಾಗುತ್ತದೆ ಎಂಬುದು ನೆನಪಿರಲಿ.

ಕೊನೆಯದು ತಂತ್ರಾಂಶ. ಅನೇಕ ಕಾರ್ಡ್‌ಗಳಿಗೆ ಚಾಲಕದ ಜೊತೆಗೆ 'ಫರ್ಮ್‌ವೇರ್' ಎಂಬ ಕಡತವೂ ಬೇಕು. ಅದು ಸಿಗದಿದ್ದರೆ ಲಿನಕ್ಸ್ ತಿರುಳಿನ ಸಂದೇಶಗಳಲ್ಲಿ ದೂರು ದಾಖಲಾಗಿರುತ್ತದೆ. 2009ರ 'ಎನ್' ಮಾನಕದ ಕಾರ್ಡ್ ಸೆಕೆಂಡಿಗೆ 54 ಮೆಗಾಬಿಟ್ ದಾಟದಿದ್ದರೆ ರೌಟರಿನ ಗೂಢಲಿಪಿಯನ್ನು ನೋಡಿ. ಹಳೆಯ ಡಬ್ಲ್ಯೂಇಪಿ ಅಥವಾ ಟಿಕೆಐಪಿ ಇದ್ದಲ್ಲಿ 'ಎನ್' ಮಾನಕ ತನ್ನ ಹೆಚ್ಚಿನ ದರಗಳಿಗೆ ಅವಕಾಶ ಕೊಡುವುದಿಲ್ಲ. ಎಇಎಸ್ ಇರುವ ಡಬ್ಲ್ಯೂಪಿಎ2 ಆರಿಸಿದರೆ ವೇಗವೂ ಉಂಟು, ಸುರಕ್ಷತೆಯೂ ಉಂಟು.

ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಮೂರು ಬಾರಿ ಅಳೆದು ಬರೆದಿಡಿ. ವಿದ್ಯಾರ್ಥಿಗಳಿಗೆ ಇದು ಒಳ್ಳೆಯ ಪ್ರಯೋಗವೂ ಹೌದು. ಬಯಲಿನಲ್ಲಿ ದೂರ ಇಮ್ಮಡಿಯಾದಾಗ ಸಂಕೇತ ಸುಮಾರು 6 ಡೆಸಿಬೆಲ್ ಇಳಿಯಬೇಕು. ವಿಲೋಮ ವರ್ಗ ನಿಯಮ ಎಷ್ಟರಮಟ್ಟಿಗೆ ನಿಜವಾಗುತ್ತದೆ ಎಂಬುದನ್ನು ಅವರೇ ಅಳೆದು ನೋಡಲಿ.